ಏಳು ದಿನದ ಕ್ಯಾಂಪು, ಮುನ್ನೂರ ಐವತ್ತೆಂಟು ದಿನದ ಊರು

ಕಾಲೇಜು ಹುಡುಗರ ಸೇವೆಯಿಂದ ಕೊಳ್ಳೇಗಾಲ, ಹನೂರು, ಯಳಂದೂರಿಗೆ ವರ್ಷದಲ್ಲಿ ದಕ್ಕುವುದೆಷ್ಟು?

ಕೊಳ್ಳೇಗಾಲದ ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಕಾಲೇಜು ಶುರುವಾದದ್ದು ಗೊತ್ತಾಗಲು ಪಂಚಾಂಗ ಬೇಕಿಲ್ಲ. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೆರಾಕ್ಸ್ ಅಂಗಡಿ ಮುಂದೆ ಸಾಲು ಬೆಳೆಯುತ್ತದೆ. ಆಮೇಲೆ ಒಂದು ದಿನ ಬ್ಯಾನರ್ ಹಿಡಿದ ಜಾಥಾ ಬರುತ್ತದೆ. ಮೊದಲ ಎರಡಕ್ಕೆ ಯಾರ ತಕರಾರೂ ಇಲ್ಲ. ಜಾಥಾ ಬಂದಾಗ ಮಾತ್ರ ತಕ್ಕಡಿ ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತದೆ. 'ಇವತ್ತು ಯಾವ ದಿನಾಚರಣೆ ಸ್ವಾಮಿ?' ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಕೇಳುವಷ್ಟರಲ್ಲಿ ಜಾಥಾ ಮುಂದಿನ ತಿರುವು ದಾಟಿರುತ್ತದೆ.

ಜಾಥಾ ಹೋಯಿತು, ಸರಿ. ಊರಿಗೆ ಉಳಿದದ್ದೇನು?

ಇದು ಕೊಂಕು ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದಾಗ ನಮ್ಮ ಚಾಮರಾಜನಗರ ಜಿಲ್ಲೆ 61ರ ಹತ್ತಿರ ನಿಂತಿತ್ತು. ಹೆಣ್ಣುಮಕ್ಕಳ ಲೆಕ್ಕ ಅದಕ್ಕಿಂತಲೂ ಕೆಳಗೆ. ಅಂದರೆ ಬ್ಯಾಂಕಿನ ಚೀಟಿ, ಆಸ್ಪತ್ರೆಯ ಚೀಟಿ, ಪಡಿತರದ ಚೀಟಿ ಯಾವುದು ಬಂದರೂ ಪಕ್ಕದವರ ಮುಖ ನೋಡಬೇಕಾದ ಜನ ನಮ್ಮಲ್ಲಿ ಇನ್ನೂ ಬೇಕಾದಷ್ಟಿದ್ದಾರೆ. ಇಂಥ ಸೀಮೆಯಲ್ಲಿ ಓದಿದ ಹುಡುಗ, ಹುಡುಗಿಯ ಒಂದು ಗಂಟೆಗೂ ಬೆಲೆ ಇದೆ. ಆ ಗಂಟೆ ಎಲ್ಲಿ ಖರ್ಚಾಗುತ್ತಿದೆ ಎಂದು ಕೇಳುವ ಹಕ್ಕು ಚಂದಾ ಕೊಡುವ ಅಂಗಡಿಯವರಿಗೂ ಇದೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವ ಪ್ರಯಾಣಿಕರಿಗೂ ಇದೆ.

ಪುಸ್ತಕದ ಲೆಕ್ಕ

ಕಾಲೇಜುಗಳಲ್ಲಿ ಸೇವೆ ಎಂದರೆ ಮುಖ್ಯವಾಗಿ ರಾಷ್ಟ್ರೀಯ ಸೇವಾ ಯೋಜನೆ. ಹುಡುಗರ ಬಾಯಲ್ಲಿ ಎನ್ಎಸ್ಎಸ್. ಕೊಳ್ಳೇಗಾಲ, ಹನೂರು, ಯಳಂದೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಮಕ್ಕಳಿಗೆ ಈ ಮೂರಕ್ಷರ ಹೊಸದಲ್ಲ. ಇದರ ನಿಯಮ ಸರಳ. ಸೇರಿದ ಪ್ರತಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಎರಡು ವರ್ಷಕ್ಕೆ 240 ಗಂಟೆ. ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಇಷ್ಟು ಮುಗಿಸಿದವನಿಗೆ ವಿಶ್ವವಿದ್ಯಾಲಯದ ಸರ್ಟಿಫಿಕೇಟು.

120 ಗಂಟೆಯನ್ನೂ ಪುಸ್ತಕದಲ್ಲಿ ಭಾಗ ಮಾಡಿಟ್ಟಿದ್ದಾರೆ. 20 ಗಂಟೆ ತಿಳಿವಳಿಕೆ ತರಗತಿ, 30 ಗಂಟೆ ಕಾಲೇಜಿನ ಆವರಣದ ಕೆಲಸ, ಉಳಿದ 70 ಗಂಟೆ ಊರಿನ ಕೆಲಸ. ಒಂದು ಘಟಕಕ್ಕೆ 100 ಜನ ಎಂದು ಇಟ್ಟುಕೊಳ್ಳಿ. ಊರಿಗೆ ಸಿಗಬೇಕಾದ್ದು ವರ್ಷಕ್ಕೆ 7,000 ಗಂಟೆ. ದಿನಕ್ಕೆ 8 ಗಂಟೆಯ ಕೂಲಿ ಲೆಕ್ಕದಲ್ಲಿ ಭಾಗಿಸಿದರೆ 875 ಆಳು. ಏಳು ದಿನದ ಶಿಬಿರದ ದುಡಿಮೆ ಇದರ ಮೇಲೆ. ಒಂದೇ ಘಟಕದ ಬಾಬ್ತು ಇಷ್ಟಾದರೆ ಮೂರು ತಾಲ್ಲೂಕಿನ ಘಟಕಗಳನ್ನೆಲ್ಲ ಕೂಡಿಸಿ ನೋಡಿ. ಯಾವ ಗ್ರಾಮ ಪಂಚಾಯ್ತಿಗೆ ಇಷ್ಟು ಓದಿದ ಆಳು ಬಿಟ್ಟಿ ಸಿಗುತ್ತಾರೆ ಸ್ವಾಮಿ?

ಸರ್ಕಾರ ಇದಕ್ಕೆ ಕೊಡುವ ದುಡ್ಡು ತಲೆಗೆ ವರ್ಷಕ್ಕೆ ಕೆಲವೇ ನೂರು ರೂಪಾಯಿ. ಶಿಬಿರದ ಊಟ, ಓಡಾಟ, ಬ್ಯಾನರು ಎಲ್ಲ ಅದರಲ್ಲೇ ಆಗಬೇಕು. ನಡೆಸುವವರು ಕಾಲೇಜಿನ ಒಬ್ಬ ಮೇಷ್ಟ್ರು. ಅವರಿಗೆ ಪಾಠವೂ ಇದೆ, ಪರೀಕ್ಷೆಯೂ ಇದೆ, ಚುನಾವಣೆ ಡ್ಯೂಟಿಯೂ ಇದೆ. ಹೀಗಿರುವಾಗ ಪುಸ್ತಕದ 7,000 ಗಂಟೆ ಊರಿನವರೆಗೆ ಬರುವಾಗ ದಾರಿಯಲ್ಲಿ ಎಷ್ಟು ಸೋರುತ್ತದೆ ಎಂಬುದೇ ಇವತ್ತಿನ ವಿಷಯ.

ದೆಹಲಿಯಿಂದ ಬಂದ ಚಕ್ರ

ಕಾಲೇಜಿನಲ್ಲಿ ಕೂತು ಪುಸ್ತಕ ಓದಿದರೆ ಸಾಲದು, ಹಳ್ಳಿಯ ಮಣ್ಣು ಮುಟ್ಟಬೇಕು ಎಂದು ಗಾಂಧೀಜಿ ಹೇಳುತ್ತಲೇ ಇದ್ದರು. ಸ್ವಾತಂತ್ರ್ಯ ಬಂದ ಮೇಲೆ ರಾಧಾಕೃಷ್ಣನ್ ಆಯೋಗ ಹೇಳಿತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ಕೂತಿತು. ಕೊಠಾರಿ ಆಯೋಗವೂ ಅದನ್ನೇ ಹೇಳಿತು. ಕೊನೆಗೆ ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ಯೋಜನೆ ಶುರುವಾಯಿತು. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಡಾ. ವಿ.ಕೆ.ಆರ್.ವಿ. ರಾವ್. ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು 1972ರಲ್ಲಿ ಕಟ್ಟಿದವರೂ ಇವರೇ. ಮೊದಲ ವರ್ಷ 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು.

ಹುಡುಗರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ಕೊನಾರ್ಕ್ ಸೂರ್ಯ ದೇವಾಲಯದ ರಥದ ಚಕ್ರ. ಅದರ ಎಂಟು ಅರೆಗಳು ಎಂಟು ಜಾವ, ಅಂದರೆ ದಿನದ ಇಪ್ಪತ್ತನಾಲ್ಕು ಗಂಟೆ. ಯಾವ ಹೊತ್ತಿನಲ್ಲಿ ಕರೆದರೂ ಸಿದ್ಧ ಎಂದು ಅರ್ಥ. ಬ್ಯಾಡ್ಜಿನ ಮಾತು ದೊಡ್ಡದು. ಅದನ್ನು ನಂಬಿಯೇ ಊರಿನವರು ಪ್ರಶ್ನೆ ಕೇಳುವುದು.

ಕಾಲೇಜು ಊರಿಗಾಗಿ ಎಂಬ ಯೋಚನೆ ಇನ್ನೂ ಹಳೆಯದು. ಡೆನ್ಮಾರ್ಕ್ ದೇಶದಲ್ಲಿ ಗ್ರುಂಡ್‌ವಿಗ್ ಎಂಬ ಪಾದ್ರಿಯ ಚಿಂತನೆಯಿಂದ 1844ರಲ್ಲೇ ರೈತರ ಮಕ್ಕಳಿಗೆ ಜನತಾ ಪ್ರೌಢಶಾಲೆ ಹುಟ್ಟಿತು. ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ. ಬಾಳುವ ವಿದ್ಯೆ ಮಾತ್ರ. ಅದರ ಗಾಳಿ ಹಳೇ ಮೈಸೂರು ಸಂಸ್ಥಾನಕ್ಕೂ ಬೀಸಿತು. ವಯಸ್ಕರ ಶಿಕ್ಷಣ ಸಮಿತಿಯ ವಿದ್ಯಾಪೀಠಗಳು ಆ ಮಾದರಿಯವು. ನಂಜನಗೂಡಿನಲ್ಲೂ ಒಂದಿತ್ತು. ನಮ್ಮ ಕೊಳ್ಳೇಗಾಲ ಸೀಮೆಯ ಹಣೆಬರಹ ನೋಡಿ. ನಂಜನಗೂಡು ನಮಗೆ ಎಷ್ಟು ದೂರ? ಆದರೆ ಆಗ ಅದು ಬೇರೆ ರಾಜ್ಯ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮೈಸೂರಿನ ಗಾಳಿ ಗಡಿಯಲ್ಲೇ ನಿಂತಿತ್ತು. ಆಮೇಲೆ ಮೈಸೂರು ಜಿಲ್ಲೆಯ ಬಾಲ, 1997ರಲ್ಲಿ ಚಾಮರಾಜನಗರ ಜಿಲ್ಲೆ. ಹನೂರಂತೂ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದದ್ದು 2017–18ರ ಹೊತ್ತಿಗೆ. ಯಾವ ಕಾಲದಲ್ಲೂ ಕೊನೇ ಪಂಕ್ತಿಯಲ್ಲೇ ಕೂತು ಉಂಡ ಸೀಮೆ ಇದು.

ಪಂಚಾಂಗ ತಪ್ಪಿದ ಗಿಡ

ಈಗ ವರ್ಷದ ಕೆಲಸಕ್ಕೆ ಬರೋಣ. ಜೂನ್ 5, ವಿಶ್ವ ಪರಿಸರ ದಿನ. ಗುಂಡಿ ತೆಗೆದು, ಗಿಡ ನೆಟ್ಟು, ಅತಿಥಿಗಳು ಬಿಂದಿಗೆ ಹಿಡಿದು ಫೋಟೋ ಆಗುತ್ತದೆ. ಮುಂದಿನ ಜೂನ್‌ಗೆ ಅದೇ ಗುಂಡಿ, ಹೊಸ ಗಿಡ.

ಇದರಲ್ಲಿ ಹುಡುಗರ ತಪ್ಪು ಹುಡುಕಬೇಡಿ. ತಪ್ಪು ಕ್ಯಾಲೆಂಡರಿನದು. ಜೂನ್ 5ನ್ನು ಗೊತ್ತು ಮಾಡಿದ್ದು 1972ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ನೆನಪಿಗೆ. ಕೊಳ್ಳೇಗಾಲದ ಮಳೆ ನೋಡಿ ಇಟ್ಟ ದಿನ ಅಲ್ಲ. ಮಲೆನಾಡಿನಲ್ಲಿ ಜೂನ್ ಎಂದರೆ ಮುಂಗಾರು. ನಮ್ಮ ಕಡೆ ಹಾಗಲ್ಲ. ಮೇ ತಿಂಗಳಲ್ಲಿ ಒಂದಿಷ್ಟು ಹುಯ್ಯುತ್ತದೆ. ಜೂನ್, ಜುಲೈನಲ್ಲಿ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ಹನಿ ಕಡಿಮೆ. ಗಟ್ಟಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೊಲ ಉಳುವ ಯಾವ ಗೌಡನನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಹಾಗಿರುವಾಗ ಜೂನ್‌ನಲ್ಲಿ ನೆಟ್ಟ ಹೊಂಗೆ ಸಸಿ ಎರಡು ತಿಂಗಳ ಗಾಳಿಗೆ ಒಣಗದೆ ಇನ್ನೇನಾದೀತು? ಕೊಳ್ಳೇಗಾಲದ ಮಂತ್ರವಾದಿ ಬಂದು ಯಂತ್ರ ಕಟ್ಟಿದರೂ ನೀರಿಲ್ಲದೆ ಗಿಡ ಬದುಕದು.

ಭಾಷಣ ಜೂನ್ 5ಕ್ಕೇ ಇರಲಿ. ಗುಂಡಿ ಆವತ್ತೇ ತೆಗೆಯಲಿ, ಗೊಬ್ಬರ ತುಂಬಲಿ. ಸಸಿ ಮಾತ್ರ ಸೆಪ್ಟೆಂಬರ್ 24ಕ್ಕೆ, ಯೋಜನೆಯ ಹುಟ್ಟುಹಬ್ಬದ ದಿನವೇ ನೆಡಲಿ. ಹೊಂಗೆ, ಬೇವು, ಹುಣಸೆ ನಮ್ಮ ಮಣ್ಣಿಗೆ ಒಗ್ಗಿದ ಮರಗಳು. ಇಷ್ಟು ಬದಲಾವಣೆಗೆ ಸರ್ಕಾರಿ ಆದೇಶವೇನೂ ಬೇಕಿಲ್ಲ. ರೈತನ ಮಗನೇ ತರಗತಿಯಲ್ಲಿ ಕೂತಿರುವಾಗ ಅವನನ್ನು ಕೇಳಿದರೆ ಸಾಕು.

ಮಳೆಗಾಲದಲ್ಲಿ ಇನ್ನೊಂದು ಕೆಲಸ ಕಾದಿದೆ. ಇಲ್ಲಿ ಮೋಡ ಕಣ್ಣಾಮುಚ್ಚಾಲೆ ಆಡುವಾಗಲೇ ಕೊಡಗು, ವಯನಾಡಿನಲ್ಲಿ ಹುಯ್ದ ಮಳೆಗೆ ಕೆಆರ್‌ಎಸ್, ಕಬಿನಿ ಎರಡೂ ತುಂಬಿ ನೀರು ಬಿಡುತ್ತಾರೆ. 2018 ಮತ್ತು 2019ರಲ್ಲಿ ಕಾವೇರಿ ದಡದ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರ ಏನಾದವು ಎಂಬುದನ್ನು ಯಾರೂ ಮರೆತಿಲ್ಲ. ನೀರು ನುಗ್ಗಿದ ದಿನ ಅನ್ನದ ಪೊಟ್ಟಣ ಹಂಚಲು ನೂರು ಜನ ಬರುತ್ತಾರೆ. ನೀರು ಬರುವ ಮುಂಚೆ ಯಾವ ಮನೆಯಲ್ಲಿ ಏಳಲಾಗದ ಅಜ್ಜಿ ಇದ್ದಾಳೆ, ಯಾರಿಗೆ ದಿನ ತುಂಬಿದೆ, ಎಷ್ಟು ದನ ಕಟ್ಟಿದ್ದಾರೆ ಎಂದು ಬರೆದಿಟ್ಟ ಪಟ್ಟಿ ಬೇಕು. ಅದನ್ನು ಬರೆಯಲು ದೋಣಿ ಬೇಡ, ಪೆನ್ನು ಸಾಕು. ಜುಲೈ ತಿಂಗಳ ಮೊದಲ ಎರಡು ಭಾನುವಾರ ಸಾಕು. ಪಟ್ಟಿಯ ಒಂದು ಪ್ರತಿ ಪಂಚಾಯ್ತಿಗೆ, ಒಂದು ತಾಲ್ಲೂಕು ಕಚೇರಿಗೆ. ನೀರು ಬಿಟ್ಟ ರಾತ್ರಿ ಆ ಕಾಗದಕ್ಕೆ ಚಿನ್ನದ ಬೆಲೆ.

ದೀಪಾವಳಿ, ಶಿವರಾತ್ರಿ, ಯುಗಾದಿ ಬಂತೆಂದರೆ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ದಾರಿ ತುಂಬ ಮಾದಪ್ಪನ ಪಾದಯಾತ್ರಿಗಳು. 'ಉಘೇ ಮಾದಪ್ಪ' ಎನ್ನುತ್ತಾ ನಡೆಯುವವರಿಗೆ ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಅನ್ನ ಕೊಡುವ ಪುಣ್ಯವಂತರಿಗೆ ಕೊರತೆ ಇಲ್ಲ. ಉಂಡೆದ್ದ ಮೇಲೆ ಉಳಿಯುವ ಎಲೆ, ಲೋಟ, ಪ್ಲಾಸ್ಟಿಕ್ ಕವರ್ ಎತ್ತಲು ಮಾತ್ರ ಜನ ಇಲ್ಲ. ಕಾಡಂಚಿನ ರಸ್ತೆ, ದನವೂ ತಿನ್ನುತ್ತದೆ, ಜಿಂಕೆಯೂ ತಿನ್ನುತ್ತದೆ. ಅಕ್ಟೋಬರ್ 2ರಂದು ಕಾಲೇಜಿನ ಅಂಗಳವನ್ನೇ ಎರಡನೇ ಸಲ ಗುಡಿಸುವ ಬದಲು ಜಾತ್ರೆ ಮುಗಿದ ಮಾರನೇ ದಿನ ಈ ದಾರಿ ಹಿಡಿದರೆ ಮಾದಪ್ಪನೂ ಮೆಚ್ಚುತ್ತಾನೆ.

ಏಳು ದಿನದ ಸಂಸಾರ

ವರ್ಷದ ದೊಡ್ಡ ಕೆಲಸ ಶಿಬಿರ. ಒಂದು ಹಳ್ಳಿ ಆರಿಸುತ್ತಾರೆ. ಸರ್ಕಾರಿ ಶಾಲೆಯ ಕೊಠಡಿಯಲ್ಲಿ ಜಮಖಾನ ಹಾಸುತ್ತಾರೆ. ಸುಮಾರು ಐವತ್ತು ಮಕ್ಕಳು, ಜೊತೆಗೆ ಮೇಷ್ಟ್ರು, ಮೇಡಂ. ಬೆಳಗ್ಗೆ ಎದ್ದು ಧ್ವಜ, ಹಾಡು. ಬಿಸಿಲೇರುವ ಮುಂಚೆ ಶ್ರಮದಾನ. ಚರಂಡಿ, ಕಲ್ಯಾಣಿ, ಶಾಲೆಯ ಅಂಗಳ, ದೇವಸ್ಥಾನದ ಸುತ್ತಲ ಲಂಟಾನ ಪೊದೆ. ಮಧ್ಯಾಹ್ನ ಉಪನ್ಯಾಸ. ಸಂಜೆ ಮನೆಮನೆ ಸರ್ವೆ. ರಾತ್ರಿ ನಾಟಕ, ಹಾಡು.

ಮೊದಲ ದಿನ ಊರಿನವರು ದೂರ ನಿಂತು ನೋಡುತ್ತಾರೆ. ಯಾವ ಪಾರ್ಟಿಯವರು, ಯಾರು ಕಳಿಸಿದ್ದು ಎಂದು ಗುಸುಗುಸು. ಎರಡನೇ ದಿನ ಮೈಕಿನ ಮಾತಿಗಿಂತ ಹುಡುಗರ ಕೈಯಲ್ಲಿನ ಗುದ್ದಲಿ ಮಾತಾಡುತ್ತದೆ. ಕಾಲೇಜು ಹುಡುಗ ಚರಂಡಿಗೆ ಇಳಿದ ಎಂದರೆ ಊರ ಹುಡುಗ ನಿಂತು ನೋಡಲು ನಾಚುತ್ತಾನೆ. ಮೂರನೇ ದಿನಕ್ಕೆ ಯಾರದೋ ಮನೆಯಿಂದ ಮಜ್ಜಿಗೆ, ಯಾರದೋ ಹೊಲದಿಂದ ಸೊಪ್ಪು ಬರುತ್ತದೆ. ಮುದ್ದೆ, ಉಪ್ಪೆಸರು ಆಗುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಅನ್ನ ಉಣ್ಣುವುದನ್ನು ಊರು ಏಳು ದಿನವೂ ನೋಡುತ್ತದೆ. ಯಾವ ಭಾಷಣವೂ ಮಾಡಲಾಗದ ಕೆಲಸ ಅದು. ಹೇಳದೆಯೇ ಆಗುತ್ತದೆ.

ಸರ್ವೆ ಕಾಗದ ಹಿಡಿದು ಮನೆಗೆ ಹೋದಾಗ ನಿಜವಾದ ಕಾಲೇಜು ಶುರು. ಹುಡುಗಿ ಕೇಳುವುದು ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯೇ ಎಂದು. ಮನೆಯೊಡತಿ ಕೇಳುವುದು ಬೇರೆ. 'ಅದಿರ್ಲಿ ಕೂಸೇ, ಈ ಕಾಗ್ದ ಒಸಿ ನೋಡು, ಪಿಂಚಣಿ ಯಾಕ ನಿಂತೋಯ್ತು?' ಸಾವಿರಾರು ಪುಟ ಓದಿದವರಿಗೂ ಈ ಪ್ರಶ್ನೆ ಸಿಲಬಸ್ಸಿನಲ್ಲಿ ಬಂದಿರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು. 'ಮಾದಮ್ಮ'ನೋ 'ಮಹದೇವಮ್ಮ'ನೋ ಎಂಬ ಎರಡಕ್ಷರದ ವ್ಯತ್ಯಾಸಕ್ಕೆ ಒಬ್ಬಾಕೆಯ ತಿಂಗಳ ದುಡ್ಡು ನಿಲ್ಲುತ್ತದೆ. ಅದನ್ನು ಸರಿಪಡಿಸಲು ಎಲ್ಲಿ ಹೋಗಬೇಕು, ಯಾವ ಅರ್ಜಿ ಎಂದು ತಿಳಿದುಕೊಂಡ ಹುಡುಗಿ ಮನೆಗೆ ಹೋಗಿ ಮೊದಲು ತನ್ನ ಅಜ್ಜಿಯ ಕಾಗದ ನೋಡುತ್ತಾಳೆ. ಯಾಕೆಂದರೆ ಇವಳೂ ಇಂಥದೇ ಹಳ್ಳಿಯವಳು.

ಇದನ್ನು ಪಟ್ಟಣದ ಮಾದರಿಯಲ್ಲಿ ನೋಡಿದರೆ ತಪ್ಪಾಗುತ್ತದೆ. ಬೆಂಗಳೂರಿನ ಕಾಲೇಜಿನವರು ಹಳ್ಳಿಗೆ ಹೋದರೆ ಅದು ಪ್ರವಾಸದಂತೆ. ನಮ್ಮ ಮೂರು ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಕೂತಿರುವವರು ಹೆಚ್ಚಿನವರು ರೈತರ, ಕೂಲಿಯವರ ಮಕ್ಕಳು. ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರೂ ಇವರಲ್ಲಿ ಇದ್ದಾರೆ. ಸೇವೆ ಮಾಡುವವರೂ ಸೇವೆ ಬೇಕಾದವರೂ ಒಂದೇ ಮನೆಯವರು. ನಮ್ಮ ಕಾಲೇಜುಗಳ ದೊಡ್ಡ ಬಲವೂ ಇದೇ.

ರಾತ್ರಿ ಕಾರ್ಯಕ್ರಮದಲ್ಲೂ ಒಂದು ಅದಲುಬದಲು ನಡೆಯುತ್ತದೆ. ಹುಡುಗರು ಬಾಲ್ಯವಿವಾಹ ಬೇಡ ಎಂದು ನಾಟಕ ಆಡುತ್ತಾರೆ. ಹದಿನೆಂಟು ತುಂಬದ ಹೆಣ್ಣಿಗೆ ಮದುವೆ ಮಾಡಿದರೆ 2006ರ ಕಾಯ್ದೆಯಲ್ಲಿ ಜೈಲು, ಸಂಶಯ ಬಂದರೆ 1098ಕ್ಕೆ ಫೋನ್ ಮಾಡಿ ಎನ್ನುತ್ತಾರೆ. ಅದಾದ ಮೇಲೆ ಊರಿನ ಹಿರಿಯ ಕಂಸಾಳೆ ಹಿಡಿದು ನಿಂತನೆಂದರೆ ಮಾದೇಶ್ವರನ ಕತೆ ಮಧ್ಯರಾತ್ರಿ ದಾಟುತ್ತದೆ. ಅಕ್ಷರ ಬಾರದ ಆತನ ಬಾಯಲ್ಲಿ ಇಡೀ ಕಾವ್ಯ ಇದೆ. ಯಾರು ಯಾರಿಗೆ ಪಾಠ ಹೇಳಿದರು ಎಂಬುದು ಅಲ್ಲಿ ಗೊತ್ತಾಗುವುದಿಲ್ಲ.

ಎಂಟನೇ ದಿನ

ಎಂಟನೇ ದಿನ ಜಮಖಾನ ಮಡಚುತ್ತಾರೆ. ಸಮಾರೋಪ, ಹಾರ, ಫೋಟೋ. ಹೆಣ್ಣುಮಕ್ಕಳು ಅಳುತ್ತಾರೆ, ಊರ ಹೆಂಗಸರೂ ಅಳುತ್ತಾರೆ. ಬಸ್ಸು ಹೊರಡುತ್ತದೆ. ತೆಗೆದ ಚರಂಡಿ ಮೂರು ತಿಂಗಳಿಗೆ ಮತ್ತೆ ತುಂಬುತ್ತದೆ. ಸರ್ವೆ ಕಾಗದ ಕಾಲೇಜಿನ ಬೀರುವಿಗೆ ಸೇರುತ್ತದೆ. ಮುಂದಿನ ವರ್ಷ ಇನ್ನೊಂದು ಹಳ್ಳಿ, ಇನ್ನೊಂದು ಸರ್ವೆ, ಅದೇ ಬೀರು.

ಊರಿನವರು ಕೊರಗುವುದು ಇದಕ್ಕೇ. 'ಬಂದ್ರು, ಬರ್ಕೊಂಡ್ರು, ಹೋದ್ರು' ಎಂಬ ಮಾತು ಹನೂರು ಕಡೆ ಗಾದೆಯಂತಾಗಿದೆ. ಬರೆದುಕೊಂಡು ಹೋದವರು ಒಬ್ಬಿಬ್ಬರಲ್ಲ. ಇಲಾಖೆಯವರು, ಸಂಘದವರು, ಓಟಿನವರು. ಜನವರಿ 25ರಂದು ಮತದಾರರ ದಿನ, ಕಾಲೇಜಿನಲ್ಲಿ ಪ್ರತಿಜ್ಞೆ ಬೋಧನೆ. ಒಳ್ಳೆಯದೇ. ಆದರೆ 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಹನೂರು ತಾಲ್ಲೂಕಿನ ಬೆಟ್ಟದ ಮೇಲಿನ ಇಂಡಿಗನತ್ತದಲ್ಲಿ ಮತಗಟ್ಟೆಯೇ ಧ್ವಂಸವಾಯಿತು, ಮರುಮತದಾನ ನಡೆಸಬೇಕಾಯಿತು. ರಸ್ತೆ, ನೀರು, ಕರೆಂಟು ಕೇಳಿ ಕೇಳಿ ಸೋತ ಊರದು. ಮತಯಂತ್ರ ಒಡೆದದ್ದು ತಪ್ಪು ಎಂದು ಹೇಳುವುದು ಸುಲಭ. ಜನರ ಬೇಡಿಕೆಯನ್ನು ಸರಿಯಾದ ಅರ್ಜಿಯಲ್ಲಿ ಬರೆದು, ಸರಿಯಾದ ಮೇಜಿಗೆ ಮುಟ್ಟಿಸಿ, ಸ್ವೀಕೃತಿ ಪಡೆದು, ಮೂವತ್ತು ದಿನದ ಮೇಲೆ ಮತ್ತೆ ಹೋಗಿ ಕೇಳುವ ಓದಿದವರು ಊರಿಗೊಬ್ಬರಾದರೂ ಬೇಕಲ್ಲ? ಪ್ರತಿಜ್ಞೆಗಿಂತ ಅದು ಹೆಚ್ಚಿನ ಮತದಾರ ಜಾಗೃತಿ.

35 ದಿನದ ರಕ್ತ

ರಕ್ತದಾನ ಶಿಬಿರಕ್ಕೂ ಇದೇ ಮಾತು ಅನ್ವಯ. ವರ್ಷಕ್ಕೊಂದು ದಿನ ಕಾಲೇಜಿನಲ್ಲಿ ಮಂಚ ಹಾಕಿ ಸಾಲಾಗಿ ರಕ್ತ ಕೊಡುತ್ತಾರೆ. ಹದಿನೆಂಟು ತುಂಬಿರಬೇಕು, 45 ಕೆ.ಜಿ. ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಒಂದು ಸಲಕ್ಕೆ 350 ಮಿಲಿ. ಎಷ್ಟೋ ಹೆಣ್ಣುಮಕ್ಕಳು ಉತ್ಸಾಹದಿಂದ ಬಂದು ಹಿಮೋಗ್ಲೋಬಿನ್ ಸಾಲದೆ ಹಿಂದಿರುಗುತ್ತಾರೆ. ಅವರಿಗೆ ಅದೇ ಒಂದು ತಪಾಸಣೆ. ತನಗೇ ರಕ್ತ ಕಡಿಮೆ ಎಂದು ಆವತ್ತು ಗೊತ್ತಾಗುತ್ತದೆ.

ಆದರೆ ಅಂಗಡಿಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದಾದರೆ ರಕ್ತ ಹಾಲಿದ್ದಂತೆ, ದಾಸ್ತಾನು ಮಾಡುವ ಮಾಲಲ್ಲ. ಸಾಮಾನ್ಯ ಚೀಲದಲ್ಲಿ ತೆಗೆದಿಟ್ಟ ರಕ್ತದ ಆಯಸ್ಸು 35 ದಿನ. ಒಂದೇ ದಿನ ಐವತ್ತು ಚೀಲ ಕೊಟ್ಟರೆ ಎರಡನೇ ತಿಂಗಳ ಬಾಣಂತಿಗೆ ಅದು ಸಿಗುವುದಿಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಆದ್ದರಿಂದ ಐವತ್ತು ಜನರನ್ನು ಹನ್ನೆರಡು ತಿಂಗಳಿಗೆ ಹಂಚಿ, ಗುಂಪು ಬರೆದ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಇಡುವುದು ಜಾಣತನ. ರಾತ್ರಿ ಹನ್ನೊಂದಕ್ಕೆ ಹನೂರು ಕಡೆಯಿಂದ ಹೆರಿಗೆ ಕೇಸು ಬಂದಾಗ ಫೋನ್ ಹೋಗಬೇಕಾದ್ದು ಆ ಪಟ್ಟಿಯಲ್ಲಿರುವ ಹುಡುಗನಿಗೆ. ಎಂಟು ಜಾವದ ಬ್ಯಾಡ್ಜಿಗೆ ಅರ್ಥ ಬರುವುದು ಆವಾಗ.

ಬೆಟ್ಟದ ಮೇಲಿನ ಪಾಠ

ಏಳು ದಿನದ ಸೇವೆಗೂ ವರ್ಷಪೂರ್ತಿ ಸೇವೆಗೂ ವ್ಯತ್ಯಾಸ ನೋಡಲು ದೂರ ಹೋಗಬೇಕಿಲ್ಲ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಬಸ್ಸು ಹತ್ತಿ.

ಡಾ. ಎಚ್. ಸುದರ್ಶನ್ ಎಂಬ ವೈದ್ಯರು ಆ ಬೆಟ್ಟದಲ್ಲಿ ನೆಲೆ ನಿಂತು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಮೊದಲು ಸೋಲಿಗರ ಪೋಡುಗಳಿಗೆ ನಡೆದುಕೊಂಡು ಹೋಗಿ ಔಷಧಿ. ಆಮೇಲೆ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕಸುಬಿನ ತರಬೇತಿ. ಕಾಡಿನ ಗಿಡಮೂಲಿಕೆ ಬಲ್ಲ ಸೋಲಿಗರನ್ನು ಏನೂ ತಿಳಿಯದವರೆಂದು ಕಾಣದೆ, ಅವರ ತಿಳಿವಳಿಕೆಯನ್ನೂ ಜೊತೆಗಿಟ್ಟುಕೊಂಡ ಕೆಲಸ ಅದು. 1994ರಲ್ಲಿ ಸುದರ್ಶನ್ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ. ಪ್ರಶಸ್ತಿಗಿಂತ ದೊಡ್ಡ ಮಾತು ಇನ್ನೊಂದಿದೆ. ಅಕ್ಷರವೇ ಮುಟ್ಟದಿದ್ದ ಸಮುದಾಯದಿಂದ ಡಾಕ್ಟರೇಟ್ ಪಡೆದವರೂ ಬಂದರು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳು ಸಮುದಾಯ ಹಕ್ಕು ಪಡೆದವು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಮೊದಲಿಗರು ನಮ್ಮ ಸೋಲಿಗರು. ಅರ್ಜಿ ಬರೆಯಲು, ನಕ್ಷೆ ಗುರುತಿಸಲು, ಸಭೆಯಲ್ಲಿ ನಿಂತು ಮಾತಾಡಲು ಕಲಿತ ಮಕ್ಕಳಿಲ್ಲದಿದ್ದರೆ ಇದು ಆಗುತ್ತಿತ್ತೇ?

ಕೆಳಗೆ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕತೆಯೂ ಹಾಗೇ. ಅದಕ್ಕಾಗಿಯೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಆಗ ಈ ತಾಲ್ಲೂಕಿನಲ್ಲಿ ಸಾವಿರ ಜನಕ್ಕೆ ಇಪ್ಪತ್ತಕ್ಕೂ ಹೆಚ್ಚು ರೋಗಿಗಳಿದ್ದರು ಎನ್ನುತ್ತದೆ ಟ್ರಸ್ಟಿನ ದಾಖಲೆ. ಮನೆಮನೆಗೆ ಹೋಗಿ ಗುರುತಿಸಿ, ಮಾತ್ರೆ ಕೊಟ್ಟು, ನುಂಗಿದರೋ ಇಲ್ಲವೋ ಎಂದು ಮತ್ತೆ ಹೋಗಿ ನೋಡಿ, ವರ್ಷಾನುವರ್ಷ ಅದನ್ನೇ ಮಾಡಿದ್ದರಿಂದ ರೋಗ ಇಳಿಯಿತು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಇದೇ ಟ್ರಸ್ಟಿಗೆ ವಹಿಸಿತು. ಇದರಲ್ಲಿ ಜಾದೂ ಏನಿಲ್ಲ. ಇದ್ದದ್ದು 'ಮತ್ತೆ ಹೋಗುವುದು' ಎಂಬ ಒಂದೇ ಗುಣ.

ಕಾಲೇಜಿನವರು ಆಸ್ಪತ್ರೆ ಕಟ್ಟಲಿ ಎಂದು ಯಾರೂ ಕೇಳುತ್ತಿಲ್ಲ. ಮೇಷ್ಟ್ರಿಗೆ ವರ್ಗ ಆಗುತ್ತದೆ, ಹುಡುಗರು ಮೂರು ವರ್ಷಕ್ಕೆ ಹೊರಗೆ ಬೀಳುತ್ತಾರೆ. ಆದರೆ ಒಂದೇ ಹಳ್ಳಿಗೆ ಮೂರು ವರ್ಷ ಹೋಗಬಹುದಲ್ಲ? ಹಳ್ಳಿ ದತ್ತು ಪಡೆಯುವುದು ಯೋಜನೆಯ ಪುಸ್ತಕದಲ್ಲೇ ಇದೆ. ಹೊಸದಾಗಿ ಕಂಡುಹಿಡಿಯಬೇಕಾದ್ದೇನಿಲ್ಲ.

ಕೊನೇ ಬಸ್ಸು

ಇಷ್ಟೆಲ್ಲ ಹೇಳಿದ ಮೇಲೆ ಬಸ್ಸಿನ ಮಾತು ಹೇಳದಿದ್ದರೆ ಅನ್ಯಾಯ. ರೈಲಿನ ಮುಖ ಕಾಣದ ತಾಲ್ಲೂಕುಗಳಿವು. ಓದಿಗೂ ಸೇವೆಗೂ ಗತಿ ಬಸ್ಸೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಎಷ್ಟೋ ಮನೆಯಲ್ಲಿ 'ಬಸ್ ಚಾರ್ಜಿಗೆ ಎಲ್ಲಿ ತರೋದು' ಎಂಬ ಮಾತು ಅಡಗಿತು. ಆದರೆ ಟಿಕೆಟ್ ಬಿಟ್ಟಿ ಆದರೆ ಸಾಕೇ, ಬಸ್ಸು ಬರಬೇಡವೇ? ಕಾಡಂಚಿನ ಹಳ್ಳಿಯ ಹುಡುಗಿ ಸಂಜೆ ಕೊನೇ ಬಸ್ಸು ಹಿಡಿಯಬೇಕು. ಕಾಲೇಜು ಬಿಟ್ಟ ಮೇಲೆ ಅರ್ಧ ಗಂಟೆ ಸೇವೆಗೆ ನಿಂತರೆ ಬಸ್ಸು ಹೋಗುತ್ತದೆ. ಬಸ್ಸು ಹೋದರೆ ಮಾರನೇ ದಿನ ಅಪ್ಪ 'ಕಾಲೇಜೂ ಸಾಕು, ಸೇವೇನೂ ಸಾಕು, ಮನೇಲಿರವ್ವ' ಅನ್ನುತ್ತಾನೆ. ಆನೆ, ಚಿರತೆ ಓಡಾಡುವ ದಾರಿಯಲ್ಲಿ ಅಪ್ಪನ ಭಯವನ್ನು ತಪ್ಪು ಎನ್ನಲಾಗದು.

ಇಲ್ಲಿ ಕಾಲೇಜು, ಸಾರಿಗೆ ಡಿಪೋ ಕೂತು ಮಾತಾಡಿದರೆ ವಾರಕ್ಕೊಂದು ದಿನವಾದರೂ ಸೇವೆಯ ಗಂಟೆಗೂ ಬಸ್ಸಿನ ಗಂಟೆಗೂ ಹೊಂದಾಣಿಕೆ ಆಗುತ್ತದೆ. ಅದಾಗದಿದ್ದರೆ ಇನ್ನೊಂದು ದಾರಿ ಇದೆ. ಹುಡುಗಿಗೆ ಅವಳ ಊರಿನ ಕೆಲಸವನ್ನೇ ಕೊಡಿ. ಭಾನುವಾರ ತನ್ನೂರ ಜಗಲಿಯಲ್ಲಿ ಕೂತು ಹತ್ತು ಜನರ ಅರ್ಜಿ ತುಂಬಿದ್ದನ್ನು ಸೇವೆಯ ಗಂಟೆ ಎಂದು ಬರೆದುಕೊಳ್ಳಿ. ಬಸ್ಸೂ ಬೇಡ, ಬ್ಯಾನರೂ ಬೇಡ.

ಆಗಬೇಕಾದ್ದು

ಹೇಳಿದ್ದನ್ನು ಚೊಕ್ಕವಾಗಿ ಕಟ್ಟೋಣ.

ಒಂದು: ಒಂದು ಘಟಕಕ್ಕೆ ಒಂದೇ ಹಳ್ಳಿ, ಕಡಿಮೆ ಎಂದರೆ ಮೂರು ವರ್ಷ. ಶಿಬಿರ ಮುಗಿದ ಮೇಲೆ ತಿಂಗಳಿಗೊಮ್ಮೆ ಹತ್ತು ಹುಡುಗರು ಅಲ್ಲಿಗೆ ಹೋಗಿ ಬರಲಿ.

ಎರಡು: ಸರ್ವೆ ಕಾಗದ ಬೀರುವಿಗೆ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಬರೆದವರೇ ಎದ್ದು ಓದಲಿ. ಪಂಚಾಯ್ತಿ ಅದಕ್ಕೆ ಉತ್ತರ ಕೊಡಲಿ.

ಮೂರು: ಕೊಳ್ಳೇಗಾಲ, ಹನೂರು, ಯಳಂದೂರು ಬಸ್ ನಿಲ್ದಾಣಗಳಲ್ಲಿ ಸಂತೆಯ ದಿನ ಒಂದು ಮೇಜು, ಎರಡು ಕುರ್ಚಿ. ಅರ್ಜಿ ತುಂಬಲು, ಕಾಗದ ಓದಿ ಹೇಳಲು ಇಬ್ಬರು ವಿದ್ಯಾರ್ಥಿಗಳು. ಮೂರು ಗಂಟೆ ಸಾಕು. ದಲ್ಲಾಳಿಗಳ ಜೇಬಿಗೆ ಹೋಗುವ ಐವತ್ತು, ನೂರು ರೂಪಾಯಿ ಬಡವರ ಸೆರಗಿನಲ್ಲೇ ಉಳಿಯುತ್ತದೆ.

ನಾಲ್ಕು: ರಕ್ತದ ಪಟ್ಟಿ ಆಸ್ಪತ್ರೆಯಲ್ಲಿ, ನೆರೆಯ ಪಟ್ಟಿ ಪಂಚಾಯ್ತಿಯಲ್ಲಿ.

ಐದು: ಇದು ಅಂಗಡಿಯವರಿಗೆ. ಬ್ಯಾನರಿಗೆ ಐನೂರು ಕೊಡುವ ಬದಲು ನಿಮ್ಮ ಅಂಗಡಿ ಮುಂದೆ ನೆಟ್ಟ ಒಂದು ಗಿಡಕ್ಕೆ ದಿನಕ್ಕೊಂದು ಬಿಂದಿಗೆ ನೀರು ಬಿಡಿ. ಶಿಬಿರಕ್ಕೆ ದುಡ್ಡಿನ ಬದಲು ಒಂದು ಮೂಟೆ ರಾಗಿ ಕೊಡಿ. ಕೊಟ್ಟದ್ದು ಎಲ್ಲಿ ಹೋಯಿತು ಎಂದು ಎಂಟನೇ ದಿನ ಮರೆಯದೆ ಕೇಳಿ. ಕೇಳುವವರು ಇದ್ದರೆ ಮಾಡುವವರೂ ನೆಟ್ಟಗಿರುತ್ತಾರೆ.

ನಮ್ಮ ಮಕ್ಕಳಲ್ಲಿ ಮನಸ್ಸು ಇಲ್ಲ ಎನ್ನುವವರು ಒಂದು ಸಲ ಶಿಬಿರದ ಬೆಳಗ್ಗೆ ಚರಂಡಿಯ ಪಕ್ಕ ನಿಂತು ನೋಡಲಿ. ಮನಸ್ಸಿದೆ, ಕೈಯೂ ಇದೆ. ಹಳ್ಳಿಗೆ ಮತ್ತೆ ಹೋಗುವ ದಾರಿ ಮಾಡಿಕೊಡುವುದು ಕಾಲೇಜಿನ ಕೆಲಸ, ಪಂಚಾಯ್ತಿಯ ಕೆಲಸ, ಡಿಪೋದ ಕೆಲಸ, ಒಂದಿಷ್ಟು ನಮ್ಮ ಕೆಲಸ. ಹೆಸರು ತಪ್ಪಾಗಿ ಪಿಂಚಣಿ ನಿಂತ ಮುದುಕಿಗೆ ಯಾವ ದಿನಾಚರಣೆಯೂ ಬೇಡ. ಹೋದ ತಿಂಗಳು ಬಂದು ಕಾಗದ ನೋಡಿದ ಕೂಸು ಈ ತಿಂಗಳೂ ಬಂದರೆ ಅವಳಿಗೆ ಅಷ್ಟೇ ಸಾಕು.